ಗೆಳೆಯನಿಗೊಂದು ಪತ್ರ: ನಡುನೀರಿನಲ್ಲಿ ಪಿನ್ನು ಬಿದ್ದಾಗ

ಪ್ರೀತಿಯ ಗೆಳೆಯಾ,

ಹಾಯಿದೋಣಿಯಲ್ಲಿ ಹೋಗುವಾಗ ಏನಾದರೂ ಕೆಟ್ಟರೆ ಅಂತ ಯಾವ ಯಾವ ಸಾಮಾನು ಇಟ್ಟುಕೊಳ್ಳಲಿ ಎಂದು ನೀನು ಕೇಳಿದ್ದೆ. ಸಾಮಾನಿನ ಮಾತು ಆಮೇಲೆ. ಮೊದಲು ಹೋದ ತಿಂಗಳು ನಮಗೆ ಆದದ್ದನ್ನು ಕೇಳು.

ಗಾಳಿ ಚೆನ್ನಾಗಿತ್ತು, ದೊಡ್ಡ ಹಾಯಿ ಪೂರ್ತಿ ಏರಿಸಿದ್ದೆವು. ಇದ್ದಕ್ಕಿದ್ದ ಹಾಗೆ ಟಣ್ ಅಂತ ಸದ್ದು. ಬೂಮನ್ನು, ಅಂದರೆ ದೊಡ್ಡ ಹಾಯಿಯ ಕೆಳ ಅಂಚಿಗಿರುವ ಅಡ್ಡ ಕಂಬವನ್ನು, ಹಿಡಿದಿಡುವ ಹಗ್ಗದ ರಾಟೆ ಕಳಚಿ ನನ್ನ ಕಾಲ ಬಳಿ ಬಿತ್ತು. ಬೂಮ್ ಹೊರಕ್ಕೆ ಹಾರಿತು. ರಾಟೆಯನ್ನು ಸಿಕ್ಕಿಸಿದ್ದ ಶ್ಯಾಕಲ್ಲಿನ, ಅಂದರೆ U ಆಕಾರದ ಲೋಹದ ಕೊಂಡಿಯ, ಪಿನ್ನು ಅಲುಗಾಟಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿ ಬಿಚ್ಚಿಕೊಂಡು ನೀರು ಪಾಲಾಗಿತ್ತು. ಕಿರುಬೆರಳಿನಷ್ಟೂ ಉದ್ದವಿಲ್ಲದ ಪಿನ್ನು!

ನಾನು ಎದ್ದು ಬೂಮ್ ಹಿಡಿಯಲು ಹೋದೆ. ಚುಕ್ಕಾಣಿ ಹಿಡಿದಿದ್ದ ಅಕ್ಕ "ಕೂತ್ಕೋ!" ಅಂತ ಕೂಗಿದಳು. ಕೂತೆ. ಮರುಕ್ಷಣ ಬೂಮ್ ನನ್ನ ತಲೆ ಇದ್ದ ಜಾಗದಲ್ಲೇ ಬೀಸಿ ಹೋಯಿತು. ಅವಳು ದೋಣಿಯನ್ನು ಗಾಳಿಗೆ ಎದುರಾಗಿ ತಿರುಗಿಸಿದಳು. ಹಾಯಿ ಪಟಪಟ ಬಡಿದುಕೊಂಡಿತು, ಬೂಮ್ ತಾನಾಗಿ ನಡುವಿಗೆ ಬಂತು. ಹಾಯಿ ಇಳಿಸಿ ಬೂಮನ್ನು ಕಟ್ಟಿಹಾಕಿದೆವು. ಆಮೇಲೆ ಐದು ನಿಮಿಷ ಸುಮ್ನೆ ಕೂತು ನೀರು ಕುಡಿದೆವು.

ಆ ಐದು ನಿಮಿಷಕ್ಕಾಗಿಯೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಕೆಟ್ಟಿದ್ದು ಒಂದು ಪಿನ್ನು. ಅದನ್ನು ಸರಿಮಾಡುವ ಆತುರದಲ್ಲಿ ನನ್ನ ತಲೆ ಒಡೆಯುತ್ತಿತ್ತು. ಹಾಗಾಗಿ ಮೊದಲು ಕೆಟ್ಟ ಭಾಗದ ಮೇಲಿನ ಭಾರ ಇಳಿಸು, ಸುತ್ತ ಬಂಡೆ, ಬೇರೆ ದೋಣಿ ಎಷ್ಟು ದೂರ ಇವೆ ಅಂತ ನೋಡು, ಆಮೇಲೆ ಕೈ ಹಾಕು. ಹಾಯಿಗಳು ಸರಿ ಇದ್ದು ಬೇರೇನೋ ಕೆಟ್ಟಿದ್ದರೆ ದೋಣಿಯನ್ನು ನಿಂತಲ್ಲೇ ನಿಲ್ಲಿಸಬಹುದು. ಮುಂದಿನ ಹಾಯಿಯನ್ನು ಗಾಳಿ ಬರುವ ಕಡೆಗೆ ಎಳೆದು ಕಟ್ಟು, ದೊಡ್ಡ ಹಾಯಿ ಸಡಿಲ ಬಿಡು, ಚುಕ್ಕಾಣಿಯ ಹಿಡಿಯನ್ನು ಗಾಳಿ ಹೋಗುವ ಕಡೆಗೆ ತಳ್ಳಿ ಕಟ್ಟು. ದೋಣಿ ನಿಧಾನವಾಗಿ ತೇಲುತ್ತಾ ಶಾಂತವಾಗುತ್ತದೆ. ಇದನ್ನು ಒಳ್ಳೆಯ ದಿನ ನೋಡಿ ನಾಲ್ಕಾರು ಸಲ ಅಭ್ಯಾಸ ಮಾಡು. ಪ್ರತಿ ದೋಣಿಯ ಸ್ವಭಾವ ಬೇರೆ ಅಲ್ವಾ?

ರಾಟೆಯನ್ನು 3 ಮಿಲಿಮೀಟರ್ ದಪ್ಪದ ಡೈನೀಮಾ ಎಂಬ ಕೃತಕ ನಾರಿನ ಹಗ್ಗದಿಂದ ಕಟ್ಟಿದೆವು. ನೋಡಲು ಶೂ ಲೇಸಿನ ಹಾಗೆ ಇರುತ್ತದೆ, ಆದರೆ ಗಟ್ಟಿ. ಗಂಟು ಹಾಕಿದರೆ ಮಾತ್ರ ಅದರ ಬಲ ಅರ್ಧದಷ್ಟು ಹೋಗಬಹುದು. ಅದಕ್ಕೇ ಒಂದೇ ಸುತ್ತಿಗೆ ಬಿಡದೆ ಆರು ಸುತ್ತು ಹಾಕಿದೆವು. ನುಣುಪಾದ ಹಗ್ಗ, ಗಂಟು ಜಾರುತ್ತದೆ. ತುದಿ ಉದ್ದ ಬಿಟ್ಟು ಎರಡು ಗಂಟು ಜಾಸ್ತಿ ಹಾಕು. ಮತ್ತೆ ಹಾಯಿ ಏರಿಸುವಾಗ ಪೂರ್ತಿ ಏರಿಸಲಿಲ್ಲ, ಕೆಳಭಾಗವನ್ನು ಒಂದು ಸಲ ಮಡಿಸಿ ಕಟ್ಟಿ, ಹಾಯಿಯನ್ನು ಚಿಕ್ಕದು ಮಾಡಿ ಏರಿಸಿದೆವು. ಕಟ್ಟಿದ್ದರ ಮೇಲೆ ನಂಬಿಕೆ ಇತ್ತು, ಆದರೂ ಅಷ್ಟು ಭಾರ ಯಾಕೆ ಹಾಕಬೇಕು?

ಇನ್ನೊಂದು ವಿಷಯ. ಹಾಯಿ ಹರಿದರೆ ಅಂಟುವ ಟೇಪ್ ಸಾಕು, ಆದರೆ ಉಪ್ಪಿನ ಮೇಲೆ ಅದು ಕೂರುವುದಿಲ್ಲ. ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಎರಡೂ ಬದಿಗೆ ಹಚ್ಚು. ಟೇಪಿನ ಮೂಲೆಗಳನ್ನು ಗುಂಡಗೆ ಕತ್ತರಿಸು, ಚೂಪು ಮೂಲೆ ಬೇಗ ಏಳುತ್ತದೆ. ಎಂಜಿನ್ ಬಿಸಿಯಾದರೆ ತಣಿಸುವ ನೀರು ಹೊರಗೆ ಬೀಳುತ್ತಿದೆಯಾ ನೋಡು. ಬೀಳದಿದ್ದರೆ ಕೂಡಲೇ ಆಫ್ ಮಾಡು. ಎಷ್ಟೋ ಸಲ ನೀರು ಒಳಬರುವ ಬಾಯಿಗೆ ಪ್ಲಾಸ್ಟಿಕ್ ಚೀಲವೋ ಪಾಚಿಯೋ ಸಿಕ್ಕಿರುತ್ತದೆ, ಅಷ್ಟೇ.

ಸಾಮಾನು ಅಂದರೆ ಇವೇ: ತೆಳು ಹಗ್ಗ, ಟೇಪು, ಚಾಕು, ಇಕ್ಕಳ, ನಾಲ್ಕೈದು ಶ್ಯಾಕಲ್, ಸ್ಕ್ರೂಡ್ರೈವರ್. ಒಂದೊಂದಕ್ಕೂ ದಾರ ಕಟ್ಟಿ ಮಣಿಕಟ್ಟಿಗೆ ಸಿಕ್ಕಿಸಿಕೊಂಡೇ ಕೆಲಸ ಮಾಡು. ಸಣ್ಣ ತಿರುಪುಗಳನ್ನು ಬಿಚ್ಚುವಾಗ ಕೆಳಗೆ ಬಟ್ಟೆ ಹಾಸು. ಕೈ ಜಾರಿ ಬಿದ್ದದ್ದನ್ನು ನೀರು ವಾಪಸ್ ಕೊಡುವುದಿಲ್ಲ.

ಈ ಭಾನುವಾರ ಹೊರಡುತ್ತೀಯಲ್ಲ, ದಡ ಬಿಡುವ ಮುಂಚೆ ಒಂದೊಂದು ಶ್ಯಾಕಲ್ಲಿನ ಪಿನ್ನನ್ನೂ ಬೆರಳಲ್ಲಿ ತಿರುಗಿಸಿ ನೋಡು. ತಿರುಗಿದ್ದನ್ನು ಇಕ್ಕಳದಲ್ಲಿ ಬಿಗಿ ಮಾಡಿ, ಪಿನ್ನಿನ ತೂತಿಗೆ ತಂತಿ ಪೋಣಿಸಿ ಕಟ್ಟು. ಎಷ್ಟು ಸಡಿಲ ಸಿಕ್ಕವು ಅಂತ ನನಗೆ ಬರಿ.

ನಿನ್ನ,
ಗೆಳೆಯ