ಬಾಟಲಿ ಚೆಲ್ಲಿದವನು ನಾನೇ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಅಳಿಯನ ಕುಡಿತದಿಂದ ಬೇಸತ್ತ ಹಿರಿಯರೊಬ್ಬರು ಒಂದು ಉಪಾಯ ಬರೆದಿದ್ದರು. ಕೋಣೆಯಲ್ಲಿ ಕೂಡಿ ಚಿಲಕ ಹಾಕಿ, ಮೂರು ದಿನ ಒಂದು ತೊಟ್ಟೂ ಕೊಡಬೇಡಿ, ನಾಲ್ಕನೇ ದಿನ ತಾನಾಗೇ ದಾರಿಗೆ ಬರುತ್ತಾನೆ ಅಂತ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ಉಪಾಯವನ್ನು ನಾನು ಮಾಡಿ ನೋಡಿದವನು. ಚಿಲಕ ಹಾಕಲಿಲ್ಲ, ಅಷ್ಟೇ ವ್ಯತ್ಯಾಸ. ಪತ್ರ ಸ್ವಲ್ಪ ಉದ್ದವಾಗಿದೆ. ಕತ್ತರಿಸುವುದಾದರೆ ಮೊದಲ ಭಾಗ ಕತ್ತರಿಸಿ, ಕೊನೆಯದನ್ನು ಬಿಟ್ಟುಬಿಡಿ.

ನಾನು ವಿಜಯನಗರದವನು. ಹನ್ನೊಂದು ವರ್ಷ ಪೀಣ್ಯದ ಟೂಲ್ ರೂಮಿನಲ್ಲಿ ಡೈ, ಅಂದರೆ ಲೋಹವನ್ನು ಒತ್ತಿ ಆಕಾರ ಕೊಡುವ ಅಚ್ಚು, ಮಾಡಿದೆ. 2013ರಲ್ಲಿ ಥಾಯ್ಲೆಂಡಿನ ರಯೋಂಗ್ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಲೆಕ್ಕಪತ್ರ ನೋಡುತ್ತಿದ್ದ ಹುಡುಗಿಯನ್ನು ಮದುವೆಯಾದೆ. ಅವಳದ್ದು ಈಸಾನ್ ಸೀಮೆ. ನಮ್ಮ ಈಶಾನ್ಯವೇ ಅವರ ಬಾಯಲ್ಲಿ ಈಸಾನ್. ಖೋನ್ ಕೇನ್ ಪಟ್ಟಣದಿಂದ ಒಂದು ಗಂಟೆ ದಾರಿಯ ಹಳ್ಳಿ. 2018ರಲ್ಲಿ ಅತ್ತೆಗೆ ಮಂಡಿನೋವು ಜಾಸ್ತಿಯಾಯಿತು. ಗಂಡ ಹೆಂಡತಿ ಇಬ್ಬರೂ ಅಲ್ಲಿಗೇ ಹೋಗಿ ನೆಲೆಸಿದೆವು.

ನಮ್ಮಲ್ಲಿ ಮನೆ ಅಳಿಯ ಅಂದರೆ ಮುಸಿಮುಸಿ ನಗುತ್ತಾರೆ. ಅಲ್ಲಿ ಅಳಿಯ ಹೆಂಡತಿಯ ಮನೆಗೆ ಬರುವುದೇ ಹಳೆಯ ಪದ್ಧತಿ. ಮದುವೆಗೆ ದುಡ್ಡು ಕೊಡಬೇಕಾದವನೂ ಗಂಡೇ. ನಾನು ಕೊಟ್ಟೆ. ಮನೆಗೆ ಇನ್ನೆರಡು ಕೋಣೆಯನ್ನೂ ಕಟ್ಟಿಸಿದೆ. ಆದರೆ ವಿದೇಶಿಯರು ಅಲ್ಲಿ ಜಮೀನು ಕೊಳ್ಳುವ ಹಾಗಿಲ್ಲ. ಗೋಡೆ ನನ್ನ ದುಡ್ಡಿನದು, ನೆಲ ಅತ್ತೆಯ ಹೆಸರಿನದು. ತೊಂಬತ್ತು ದಿನಕ್ಕೊಮ್ಮೆ ವಲಸೆ ಕಚೇರಿಗೆ ನನ್ನ ವಿಳಾಸ ತಿಳಿಸಬೇಕು. ಇಂಥವನು ಯಾರಿಗೆ ಬುದ್ಧಿ ಹೇಳಲಿ?

ಬಿಳಿಯರನ್ನು ಅವರು ಫರಾಂಗ್ ಅಂತಾರೆ. ನಮ್ಮಂಥವರನ್ನು ಖೇಕ್ ಅಂತಾರೆ. ಖೇಕ್ ಅಂದರೆ ಅತಿಥಿ ಅಂತಲೂ ಅರ್ಥವಿದೆ. ಅತಿಥಿ ಊಟ ಮಾಡಬಹುದು, ನಗಬಹುದು, ಬಿಲ್ ಕೊಡಬಹುದು. ಮನೆಯ ಮಗನ ಕುಡಿತದ ಬಗ್ಗೆ ಮಾತಾಡುವ ಹಾಗಿಲ್ಲ.

ಮನೆಯ ಮಗ ಅಂದರೆ ನನ್ನ ಹೆಂಡತಿಯ ಅಣ್ಣ. ನನಗೆ ಭಾವ. ಅಲ್ಲಿ ದೊಡ್ಡವರನ್ನು ಫೀ ಅಂತ ಕರೆಯಬೇಕು. ಅದರಲ್ಲೂ ಒಂದು ಪೇಚು. ಧಾಟಿ ಇಳಿಸಿ ಅಂದರೆ ಅಣ್ಣ, ಏರಿಸಿ ಅಂದರೆ ದೆವ್ವ. ಮೊದಲ ಎರಡು ವರ್ಷ ನಾನು ಅವನನ್ನು ದೆವ್ವ ಅಂತಲೇ ಕರೆಯುತ್ತಿದ್ದೆನಂತೆ. ಅವನು ಒಮ್ಮೆಯೂ ತಿದ್ದಲಿಲ್ಲ. ಗೆಳೆಯರ ಮುಂದೆ ಮತ್ತೆ ಮತ್ತೆ ಕರೆಸಿ ಬಿದ್ದು ಬಿದ್ದು ನಗುತ್ತಿದ್ದ.

ಅವನು ಕುಡಿಯುತ್ತಿದ್ದದ್ದು ಲಾವ್ ಖಾವ್. ಅಂದರೆ ಬಿಳಿ ಸಾರಾಯಿ. ನಲವತ್ತು ಡಿಗ್ರಿಯದು. 2007ರಲ್ಲಿ ಇಲ್ಲಿ ಸಾರಾಯಿ ನಿಂತಿತಲ್ಲ, ಅಲ್ಲಿ ಆ ಜಾಗದಲ್ಲಿ ಇದು ಇವತ್ತಿಗೂ ಇದೆ. ಹಳ್ಳಿ ಅಂಗಡಿಯಲ್ಲಿ ಒಂದೊಂದೇ ಸಣ್ಣ ಲೋಟ ಲೆಕ್ಕದಲ್ಲೂ ಸಿಗುತ್ತದೆ. ಆ ಅಳತೆಗೆ ಪೆಕ್ ಅಂತ ಹೆಸರು, ನಮ್ಮ ಪೆಗ್ ಇದ್ದ ಹಾಗೆ. ಬೆಳಗ್ಗೆ ಹನ್ನೊಂದರಿಂದ ಎರಡು, ಸಂಜೆ ಐದರಿಂದ ಮಧ್ಯರಾತ್ರಿ, ಇಷ್ಟೇ ಹೊತ್ತು ಮಾರಬೇಕು ಅಂತ ಆಗ ಕಾನೂನಿತ್ತು. ಪಟ್ಟಣದ ದೊಡ್ಡ ಅಂಗಡಿಗಳು ಗಡಿಯಾರ ನೋಡುತ್ತಿದ್ದವು. ನಮ್ಮೂರ ಅಂಗಡಿಯ ಅಜ್ಜಿ ಮುಖ ನೋಡುತ್ತಿದ್ದಳು.

ಅವನ ಬೆಳಗ್ಗೆ ಹೇಗಿರುತ್ತಿತ್ತು ಅಂತ ಹೇಳುತ್ತೇನೆ. ಆರು ಗಂಟೆಗೆ ಅತ್ತೆ ಅಂಟನ್ನದ ಬುಟ್ಟಿ ತಂದಿಡುತ್ತಿದ್ದರು. ನಾವೆಲ್ಲ ಚಾಪೆ ಮೇಲೆ ಕೂತು ಅನ್ನ ಮುರಿದು, ಉಂಡೆ ಮಾಡಿ, ಖಾರಕ್ಕೆ ಅದ್ದಿ ತಿನ್ನುತ್ತಿದ್ದೆವು. ಭಾವನಿಗೆ ಉಂಡೆ ಮಾಡಲು ಆಗುತ್ತಿರಲಿಲ್ಲ. ಬೆರಳು ಅಷ್ಟು ನಡುಗುತ್ತಿದ್ದವು. ಎದ್ದು ಭತ್ತದ ಕಣಜದ ಹಿಂದೆ ಹೋಗುತ್ತಿದ್ದ. ನಾಯಿಯೂ ಹಿಂದೆಯೇ. ಲೋಟವನ್ನು ಎರಡು ಕೈಯಲ್ಲಿ, ತೀರ್ಥ ಹಿಡಿದ ಹಾಗೆ ಹಿಡಿದು ಕುಡಿಯುತ್ತಿದ್ದ. ಹತ್ತು ನಿಮಿಷ ಬಿಟ್ಟು ಬಂದು ಕೂತರೆ ಕೈ ಕಲ್ಲಿನ ಹಾಗೆ ಸ್ಥಿರ. ಆಮೇಲೆ ಉಂಡೆ ಮಾಡಿ ತಿನ್ನುತ್ತಿದ್ದ. ಇದನ್ನು ದಿನಾ ನೋಡುತ್ತಿದ್ದೆ. ನೋಡಿಯೂ ನನಗೆ ಅರ್ಥವಾಗಿರಲಿಲ್ಲ. ಚಟ ಅಂದುಕೊಂಡಿದ್ದೆ.

ಅವರ ಭಾಷೆಯಲ್ಲಿ ಕ್ರೇಂಗ್ ಜಾಯ್ ಅಂತ ಒಂದು ಮಾತಿದೆ. ನಮ್ಮ ದಾಕ್ಷಿಣ್ಯ ಅನ್ನಿ. ಅತ್ತೆಗೆ ಮಗನ ಮೇಲೆ ದಾಕ್ಷಿಣ್ಯ, ಅಂಗಡಿ ಅಜ್ಜಿಗೆ ಅತ್ತೆಯ ಮೇಲೆ ದಾಕ್ಷಿಣ್ಯ, ನನಗೆ ಎಲ್ಲರ ಮೇಲೂ. ಒಂದು ಸಲ ಆ ಅಜ್ಜಿ ಮೆಲ್ಲಗೆ ನನ್ನನ್ನು ಕರೆದು ಸಾಲದ ಪುಸ್ತಕ ತೋರಿಸಿದಳು. ಮಕ್ಕಳ ಕಾಪಿ ಪುಸ್ತಕ. ಭಾವನ ಪುಟದಲ್ಲಿ 3,400 ಬಾತ್. ಗಲಾಟೆ ಯಾಕೆ ಅಂತ ತೀರಿಸಿದೆ. ಸಾಲ ತೀರಿದರೆ ಮಾನ ಉಳಿಯುತ್ತೆ, ಕುಡಿತವೂ ಕಮ್ಮಿಯಾಗುತ್ತೆ ಅಂತ ನನ್ನ ಲೆಕ್ಕ. ಆದದ್ದು ಏನು? ಪುಟ ಖಾಲಿಯಾಯಿತು, ಹೊಸ ಸಾಲಕ್ಕೆ ಜಾಗವಾಯಿತು. ಎರಡೇ ತಿಂಗಳಲ್ಲಿ ಮತ್ತೆ ಅಷ್ಟೇ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಅಂತ ನಮ್ಮಜ್ಜಿ ಅನ್ನುತ್ತಿದ್ದದ್ದು ಆಗ ನೆನಪಾಯಿತು.

ನಮ್ಮಲ್ಲಿ ಅಯ್ಯಪ್ಪನ ಮಾಲೆ ಹಾಕಿದಾಗ ನಲವತ್ತೊಂದು ದಿನ ಕುಡಿಯದೆ ಇರುತ್ತಾರಲ್ಲ, ಅಲ್ಲಿ ಅದಕ್ಕೆ ಖಾವ್ ಫನ್ಸಾ. ಆಷಾಢ ಹುಣ್ಣಿಮೆಯ ಮಾರನೇ ದಿನ ಶುರು, ಮೂರು ತಿಂಗಳು. ಭಿಕ್ಷುಗಳು ಮಳೆಗಾಲದಲ್ಲಿ ಒಂದೇ ಕಡೆ ನಿಲ್ಲುವ ಕಾಲ, ನಮ್ಮ ಚಾತುರ್ಮಾಸ್ಯದ ಹಾಗೆ. ಆ ಮೂರು ತಿಂಗಳು ಮದ್ಯ ಬಿಡಿ ಅಂತ 2003ರಿಂದ ದೇಶದಲ್ಲೆಲ್ಲ ಪ್ರಚಾರ ನಡೆಯುತ್ತದೆ. ಎಷ್ಟೋ ಜನ ಬಿಡುತ್ತಾರೆ. 2019ರಲ್ಲಿ ಅತ್ತೆ ಭಾವನನ್ನೂ ಕರೆದುಕೊಂಡು ಹೋಗಿ ಭಿಕ್ಷುಗಳ ಮುಂದೆ ಆಣೆ ಮಾಡಿಸಿದರು. ಮಾರನೇ ದಿನ ಮಧ್ಯಾಹ್ನ ಅವನು ಸೈಕಲ್ಲಿನಿಂದ ಬಿದ್ದ. ಸಂಜೆ ಕುಡಿದ. ಊರೆಲ್ಲ ನಕ್ಕಿತು, ಒಂದು ದಿನವೂ ತಡೆಯಲಾಗಲಿಲ್ಲ ಅಂತ. ನಾನೂ ನಕ್ಕೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 2020ರ ಏಪ್ರಿಲ್. ಕೊರೊನಾ. ಹೊಸ ವರ್ಷದ ಸೋಂಗ್‌ಕ್ರಾನ್ ಹಬ್ಬಕ್ಕೆ ಜನ ಸೇರಬಾರದು ಅಂತ ಥಾಯ್ಲೆಂಡಿನಲ್ಲಿ ಮದ್ಯ ಮಾರಾಟ ನಿಲ್ಲಿಸಿದರು. ಇಲ್ಲಿ ಬೆಂಗಳೂರಿನಲ್ಲೂ ಲಾಕ್‌ಡೌನ್, ಬಾರುಗಳಿಗೆ ಬೀಗ. ಅಕ್ಕ ಫೋನಿನಲ್ಲಿ, ‘ಒಳ್ಳೇದೇ ಆಯ್ತು ಬಿಡು, ಈ ನೆಪದಲ್ಲಾದರೂ ಎಲ್ಲರೂ ಬಿಡ್ತಾರೆ’ ಅಂದಳು. ನನಗೂ ಹಾಗೇ ಅನ್ನಿಸಿತು. ಅಂಗಡಿ ಅಜ್ಜಿ ಬಚ್ಚಿಟ್ಟ ಸರಕು ಒಂದು ವಾರಕ್ಕೆ ಮುಗಿಯಿತು. ಕಣಜದ ಹಿಂದೆ ಒಂದು ಬಾಟಲಿ ಉಳಿದಿತ್ತು. ಒಂದು ಸಂಜೆ ಅವನು ನಿದ್ದೆ ಮಾಡುವಾಗ ಅದನ್ನು ತಂದು ಬಚ್ಚಲ ಮೋರಿಗೆ ಸುರಿದೆ. ಜೀವನದಲ್ಲಿ ಮೊದಲ ಸಲ ಆ ಮನೆಯಲ್ಲಿ ಯಜಮಾನಿಕೆ ಮಾಡಿದ್ದೆ. ಹೆಮ್ಮೆಯೂ ಆಯಿತು, ಸುಳ್ಳು ಹೇಳುವುದಿಲ್ಲ.

ಮಾರನೇ ದಿನ ಮೈಯೆಲ್ಲ ಬೆವರು. ಅಂಗಿ ಹಿಂಡಿದರೆ ನೀರು ಬರುವಷ್ಟು. ಅನ್ನ ಮುಟ್ಟಲಿಲ್ಲ. ನಾವು ‘ಬಿಡುವಾಗ ಹೀಗೇ ಇರುತ್ತೆ’ ಅಂತ ಎಳನೀರು ಕೊಟ್ಟೆವು. ರಾತ್ರಿ ಸೊಳ್ಳೆಪರದೆಯ ಮೇಲೆ ಇರುವೆ ಹತ್ತಿದೆ ಅಂತ ಒಂದೇ ಸಮನೆ ಒರೆಸತೊಡಗಿದ. ಟಾರ್ಚ್ ಹಾಕಿ ತೋರಿಸಿದೆ. ಒಂದು ಇರುವೆಯೂ ಇರಲಿಲ್ಲ. ಆಮೇಲೆ ಬಾಗಿಲ ಕಡೆ ಕೈ ತೋರಿಸಿ ‘ಫೀ, ಫೀ’ ಅಂದ. ಅಣ್ಣ ಯಾರು ಬಂದರು ಅಂತ ನಾನು ತಿರುಗಿ ನೋಡಿದೆ. ನನ್ನ ಹೆಂಡತಿಯ ಮುಖ ಬಿಳುಚಿಕೊಂಡಿತ್ತು. ಅವಳಿಗೆ ಧಾಟಿ ಗೊತ್ತಾಗುತ್ತದಲ್ಲ. ಅವನು ಕರೆಯುತ್ತಿದ್ದದ್ದು ಅಣ್ಣನನ್ನಲ್ಲ.

ಬೆಳಗಿನ ಜಾವ ಫಿಟ್ಸ್ ಬಂತು. ಕಣ್ಣು ಮೇಲಕ್ಕೆ, ಹಲ್ಲು ಕಚ್ಚಿ, ಬಾಯಲ್ಲಿ ರಕ್ತ. ಅತ್ತೆ ಕೈಗೆ ದಾರ ಕಟ್ಟಿ ಮಂತ್ರ ಹೇಳುತ್ತಿದ್ದರು. ಹೆಂಡತಿ 1669ಕ್ಕೆ ಫೋನ್ ಮಾಡಿದಳು. ಅದು ಅವರ ಆಂಬುಲೆನ್ಸ್ ನಂಬರು.

ಆಸ್ಪತ್ರೆಯಲ್ಲಿ ನರ್ಸ್ ಕೇಳಿದ ಮೊದಲ ಪ್ರಶ್ನೆ, ಎಷ್ಟು ಕುಡಿಯುತ್ತಾನೆ ಅಂತಲ್ಲ. ‘ಕೊನೆಯ ಸಲ ಕುಡಿದದ್ದು ಯಾವಾಗ?’ ಗಂಟೆ ಲೆಕ್ಕದಲ್ಲಿ ಹೇಳಿ ಅಂದಳು. ನನಗೆ ಚೆನ್ನಾಗಿ ಗೊತ್ತಿತ್ತು. ಬಾಟಲಿ ಚೆಲ್ಲಿದವನು ನಾನೇ ಅಲ್ವಾ. ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರು, ನರಗಳನ್ನು ತಣಿಸುವ ಔಷಧಿ ಕೊಟ್ಟು ದಿನದಿನಕ್ಕೆ ಇಳಿಸುತ್ತಾ ಬಂದರು. ಎರಡು ದಿನ ಅವನಿಗೆ ತಾನು ಎಲ್ಲಿದ್ದೇನೆ ಅನ್ನುವುದೇ ಗೊತ್ತಿರಲಿಲ್ಲ.

ಡಾಕ್ಟರ್ ವಿವರಿಸಿದ್ದನ್ನು ನಾನು ನನ್ನ ಕಸುಬಿನ ಭಾಷೆಯಲ್ಲಿ ಅರ್ಥ ಮಾಡಿಕೊಂಡೆ. ಡೈ ಒಳಗೆ ಗಟ್ಟಿ ಸ್ಪ್ರಿಂಗ್ ಇರುತ್ತದೆ. ಭಾರ ಅದನ್ನು ಒತ್ತಿ ಹಿಡಿದಿರುತ್ತದೆ. ಮದ್ಯ ಆ ಭಾರ. ವರ್ಷಗಟ್ಟಲೆ ಭಾರ ಕೂತರೆ ಮೆದುಳು ಅದಕ್ಕೆ ಎದುರಾಗಿ ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಿಕೊಳ್ಳುತ್ತದೆ. ಭಾರ ಮೆಲ್ಲಗೆ ತೆಗೆದರೆ ಸರಿ. ಒಂದೇ ಸಲಕ್ಕೆ ತೆಗೆದರೆ ಸ್ಪ್ರಿಂಗ್ ಹಾರಿ ಮುಖಕ್ಕೆ ಹೊಡೆಯುತ್ತದೆ. ಪೀಣ್ಯದಲ್ಲಿ ಹಾಗೆ ಹಲ್ಲು ಕಳೆದುಕೊಂಡವರನ್ನು ನೋಡಿದ್ದೇನೆ. ಫಿಟ್ಸ್ ಸಾಮಾನ್ಯವಾಗಿ ಮೊದಲ ಎರಡು ದಿನದೊಳಗೆ. ಭ್ರಮೆ, ಜ್ವರ, ಎದೆ ಬಡಿತ ಏರಿ ಜೀವಕ್ಕೇ ಬರುವ ಸ್ಥಿತಿ ಎರಡರಿಂದ ನಾಲ್ಕನೇ ದಿನದಲ್ಲಿ. ಅಂದರೆ ಆ ಹಿರಿಯರು ಚಿಲಕ ಹಾಕಿಡಿ ಅಂದ ಮೂರು ದಿನಗಳೇ ಎಲ್ಲಕ್ಕಿಂತ ಅಪಾಯದ ದಿನಗಳು.

ಎಲ್ಲ ಕುಡಿಯುವವರಿಗೂ ಹೀಗಾಗುವುದಿಲ್ಲ. ವಾರಕ್ಕೊಮ್ಮೆ ಕುಡಿಯುವವನು ನಾಳೆಯೇ ಬಿಡಬಹುದು. ಮಾಲೆ ಹಾಕಿ ಸುಮ್ನೆ ಬಿಟ್ಟವರನ್ನು ನಾವೆಲ್ಲ ನೋಡಿಲ್ವಾ? ಆದರೆ ಬೆಳಗ್ಗೆ ಎದ್ದ ಕೂಡಲೇ ಕೈ ನಡುಗಿ, ಒಂದು ಗುಟುಕು ಬಿದ್ದ ಮೇಲೆ ನಿಲ್ಲುತ್ತದೆ ಅಂದರೆ ಅಂಥವರನ್ನು ಮನೆಯಲ್ಲಿ ನೀವೇ ನಿಲ್ಲಿಸಬೇಡಿ. ಹಿಂದೆ ಬಿಟ್ಟಾಗ ಫಿಟ್ಸ್ ಬಂದವರಂತೂ ಖಂಡಿತ ಬೇಡ. ಆಸ್ಪತ್ರೆಯಲ್ಲಿ, ಔಷಧಿ ಕೊಟ್ಟು ಬಿಡಿಸಬೇಕು. ಭಾವನಿಗೆ ಇಚ್ಛಾಶಕ್ತಿ ಇಲ್ಲ ಅಂತ ನಾವು ನಕ್ಕೆವಲ್ಲ, ಸೈಕಲ್ಲಿನಿಂದ ಬಿದ್ದಾಗ, ಅವತ್ತೇ ಅದು ಶುರುವಾಗಿತ್ತು. ಪುಣ್ಯಕ್ಕೆ ಸಂಜೆ ಕುಡಿದು ಬದುಕಿದ. ಹೀಗೆ ಬರೆಯುವುದು ವಿಚಿತ್ರ ಅನ್ನಿಸುತ್ತದೆ, ಆದರೆ ನಿಜ.

ಅದೇ ವಾರಗಳಲ್ಲಿ ಕರ್ನಾಟಕದಲ್ಲೂ ಮದ್ಯ ಸಿಗದೆ ಜನ ಆಸ್ಪತ್ರೆ ಸೇರಿದ ಸುದ್ದಿ ಬರುತ್ತಿತ್ತು. ಥಾಯ್ಲೆಂಡಿನಲ್ಲಿ ಮೇ 3ಕ್ಕೆ ಮಾರಾಟ ಶುರುವಾಯಿತು, ಇಲ್ಲಿ ಮೇ 4ಕ್ಕೆ. ಇಲ್ಲಿ ಅಂಗಡಿ ಮುಂದೆ ಕಾಯಿ ಒಡೆದವರ ಚಿತ್ರ ನೋಡಿ ಎಲ್ಲರೂ ನಕ್ಕರು. ಆ ಸಾಲಿನಲ್ಲಿ ನಿಂತವರಲ್ಲಿ ಎಷ್ಟು ಜನರ ಕೈ ನಡುಗುತ್ತಿತ್ತೋ ಅಂತ ನನಗೆ ಅನ್ನಿಸಿತು. ನಗು ಬರಲಿಲ್ಲ.

ಭಾವ ಆಮೇಲೆ ಐದು ತಿಂಗಳು ಕುಡಿಯಲಿಲ್ಲ. ನಂತರ ಯಾರದೋ ಮದುವೆಯಲ್ಲಿ ಶುರು ಮಾಡಿದ. ಆದರೆ ಮರುವರ್ಷ ತಾನೇ ಬಟ್ಟೆ ಚೀಲ ಹಿಡಿದು ಆಸ್ಪತ್ರೆಗೆ ಹೋಗಿ ಸೇರಿಸಿಕೊಳ್ಳಿ ಅಂದನಂತೆ. ನಾವು 2022ರಲ್ಲಿ ಬೆಂಗಳೂರಿಗೆ ಬಂದುಬಿಟ್ಟೆವು. ಈಗ ವಿಡಿಯೋ ಕಾಲಿನಲ್ಲಿ ಮಾತಾಡುವಾಗ ನಾನು ಅವನ ಮುಖ ನೋಡುವುದಿಲ್ಲ, ಫೋನ್ ಹಿಡಿದ ಚಿತ್ರ ಅಲ್ಲಾಡುತ್ತಿದೆಯಾ ಅಂತ ನೋಡುತ್ತೇನೆ. ಕೆಲವು ದಿನ ಅಲ್ಲಾಡುತ್ತದೆ, ಕೆಲವು ದಿನ ಇಲ್ಲ.

ಪತ್ರ ಬರೆದ ಹಿರಿಯರಿಗೆ ನನ್ನ ವಿನಂತಿ: ಚಿಲಕ ತೆಗೆಯಿರಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಈ ಚಟಗಳಿಗೆಂದೇ ಬೇರೆ ವಿಭಾಗವಿದೆ. ಟೆಲಿ ಮಾನಸ್ ಸಹಾಯವಾಣಿ 14416, ದುಡ್ಡಿಲ್ಲ, ದಿನದ ಇಪ್ಪತ್ನಾಲ್ಕು ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವನು ಫೋನ್ ಮಾಡದಿದ್ದರೆ ನೀವೇ ಮಾಡಿ. ಥಾಯ್ಲೆಂಡಿನಲ್ಲೂ ಮದ್ಯ ಬಿಡುವವರಿಗೆಂದೇ 1413 ಅಂತ ಒಂದು ಸಹಾಯವಾಣಿ ಇದೆ. ಅಂಗಡಿ ಅಜ್ಜಿಯ ಸಾಲದ ಪುಸ್ತಕದ ಬಗ್ಗೆ ಎಲ್ಲ ತಿಳಿದಿದ್ದ ನನಗೆ ಆ ನಾಲ್ಕು ಅಂಕಿ ಗೊತ್ತಿರಲಿಲ್ಲ.

ಸಂಪಾದಕರೇ, ನಿಮಗೂ ಒಂದು ವಿನಂತಿ. ಕುಡಿತದ ಬಗ್ಗೆ ಪತ್ರ ಹಾಕಿದಾಗಲೆಲ್ಲ ಅದರ ಕೆಳಗೆ ಒಂದು ಸಾಲಿನಲ್ಲಿ 14416 ಅಂತ ಅಚ್ಚು ಹಾಕಿ. ಒಂದು ಸಾಲಿಗೆ ಜಾಗ ಸಿಕ್ಕೇ ಸಿಗುತ್ತದೆ.

ಇದನ್ನು ಹೆಂಡತಿಗೆ ಓದಿ ಹೇಳಿದೆ. ಅವಳಿಗೆ ಈಗ ಕನ್ನಡ ಸುಮಾರಾಗಿ ಬರುತ್ತದೆ. ಎಲ್ಲ ಕೇಳಿ, ಅಣ್ಣ ಬರೀ ಕುಡುಕ ಅನ್ನುವ ಹಾಗೆ ಬರೆದಿದ್ದೀರಿ ಅಂದಳು. ನಮ್ಮ ಮದುವೆ ದಿನ ಅಲ್ಲಿಯ ಪದ್ಧತಿಯಂತೆ ಎಲ್ಲರೂ ನನ್ನ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿದರು. ಅವತ್ತು ಅಪ್ಪನ ಜಾಗದಲ್ಲಿ ನಿಂತವನು ಭಾವ. ಬೆಳಗಿನಿಂದ ಒಂದು ತೊಟ್ಟೂ ಮುಟ್ಟಿರಲಿಲ್ಲವಂತೆ, ಅದಕ್ಕೇ ಗಂಟು ಹಾಕಲು ಮೂರು ಸಲ ಪ್ರಯತ್ನಿಸಬೇಕಾಯಿತು. ಅದನ್ನೂ ಬರೆಯಿರಿ ಅಂದಳು. ಬರೆದಿದ್ದೇನೆ.

ಇತಿ,
ಒಬ್ಬ ಓದುಗ
ವಿಜಯನಗರ, ಬೆಂಗಳೂರು