ಸರ್ಕಾರದ ಕಡತಗಳ ಕೀಲಿ ಯಾರ ಕೈಯಲ್ಲಿರಬೇಕು? ಮಾಹಿತಿ ತಂತ್ರಜ್ಞಾನ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮಾಹಿತಿ ತಂತ್ರಜ್ಞಾನ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ಗುಜರಾತಿನ ವಾಡಿನಾರ್‌ನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿ ಕಂಪನಿಯ ನೌಕರರಿಗೆ 2025ರ ಜುಲೈನಲ್ಲಿ ತಮ್ಮ ಕಚೇರಿಯ ಇ-ಮೇಲ್ ತೆರೆಯಲಾಗದೆ ಹೋದ ಸುದ್ದಿಯನ್ನು ತಾವು ಗಮನಿಸಿರುತ್ತೀರಿ. ಆ ಕಂಪನಿಯಲ್ಲಿ ರಷ್ಯಾದ ಸರ್ಕಾರಿ ತೈಲ ಕಂಪನಿ ರಾಸ್‌ನೆಫ್ಟ್‌ಗೆ ಶೇ. 49ರಷ್ಟು ಪಾಲಿದೆ. ಈ ನಂಟಿನಿಂದಾಗಿ ಐರೋಪ್ಯ ಒಕ್ಕೂಟ ಅದನ್ನು ನಿರ್ಬಂಧದ ಪಟ್ಟಿಗೆ ಸೇರಿಸಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ತನ್ನ ಸೇವೆಗಳನ್ನು ನಿಲ್ಲಿಸಿತು. ಭಾರತದ ಯಾವ ನ್ಯಾಯಾಲಯವೂ ಹಾಗೆ ಆದೇಶಿಸಿರಲಿಲ್ಲ. ಕಂಪನಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ ಸೇವೆ ಮರಳಿತು, ನಿಜ. ಆದರೆ ಭಾರತದ ನೆಲದಲ್ಲಿ, ಭಾರತದ ಕಾನೂನಿಗೆ ಒಳಪಟ್ಟು ನಡೆಯುವ ಉದ್ದಿಮೆಯೊಂದರ ದಿನನಿತ್ಯದ ಕೆಲಸವನ್ನು ಹೊರಗಿನವರು ಒಂದೇ ದಿನದಲ್ಲಿ ತಡೆಯಬಹುದು ಎಂಬುದು ಅಂದು ಎಲ್ಲರಿಗೂ ತಿಳಿಯಿತು.

ಇಂಥ ಅಡಚಣೆ ನಮ್ಮ ತಾಲ್ಲೂಕು ಕಚೇರಿಗೆ, ಖಜಾನೆಗೆ, ಜಿಲ್ಲಾಸ್ಪತ್ರೆಗೆ ಬಂದರೆ ಸರ್ಕಾರ ಏನು ಮಾಡುತ್ತದೆ ಎಂದು ಕೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ದತ್ತಾಂಶವೆಲ್ಲ ಭಾರತದೊಳಗಿನ ಸರ್ವರ್‌ಗಳಲ್ಲೇ ಇದೆ ಎಂಬ ಉತ್ತರ ಸಾಮಾನ್ಯವಾಗಿ ಸಿಗುತ್ತದೆ. ಆ ಉತ್ತರ ಸಾಲದು. ಅಮೆರಿಕದ 2018ರ ಕ್ಲೌಡ್ ಕಾಯಿದೆಯ ಪ್ರಕಾರ, ಅಲ್ಲಿನ ಕಾನೂನಿಗೆ ಒಳಪಟ್ಟ ಕಂಪನಿಯ ವಶದಲ್ಲಿರುವ ಮಾಹಿತಿಯನ್ನು, ಅದನ್ನು ಯಾವ ದೇಶದಲ್ಲಿ ಇಟ್ಟಿದ್ದರೂ, ಅಲ್ಲಿನ ತನಿಖಾ ಸಂಸ್ಥೆಗಳು ಕಾನೂನುಬದ್ಧ ಆದೇಶದ ಮೂಲಕ ಕೇಳಿ ಪಡೆಯಬಹುದು. ಫ್ರಾನ್ಸಿನ ನಾಗರಿಕರ ಮಾಹಿತಿ ಫ್ರೆಂಚ್ ಸರ್ಕಾರದ ಒಪ್ಪಿಗೆಯಿಲ್ಲದೆ ಅಮೆರಿಕಕ್ಕೆ ಹೋಗುವುದಿಲ್ಲ ಎಂದು ಖಾತರಿ ಕೊಡುವಿರಾ ಎಂದು 2025ರ ಜೂನ್‌ನಲ್ಲಿ ಅಲ್ಲಿನ ಸೆನೆಟ್ ಸಮಿತಿ ಕೇಳಿದಾಗ, ಮೈಕ್ರೋಸಾಫ್ಟ್ ಫ್ರಾನ್ಸ್‌ನ ಅಧಿಕಾರಿ ಪ್ರಮಾಣ ಮಾಡಿ ಕೊಟ್ಟ ಉತ್ತರ, ಇಲ್ಲ ಎಂಬುದಾಗಿತ್ತು. ಆದ್ದರಿಂದ ಸರ್ವರ್ ಮುಂಬೈಯಲ್ಲಿದೆಯೋ ಹೈದರಾಬಾದಿನಲ್ಲಿದೆಯೋ ಎಂಬುದಕ್ಕಿಂತ, ಅದನ್ನು ನಡೆಸುವವರು ಯಾರ ಆದೇಶಕ್ಕೆ ತಲೆಬಾಗಬೇಕು ಎಂಬ ಪ್ರಶ್ನೆಯೇ ಮುಖ್ಯ.

ಹಾಗೆಂದು ವಿದೇಶಿ ಕಂಪನಿಯನ್ನು ಬಿಟ್ಟು ಸ್ವದೇಶಿ ಕಂಪನಿಯನ್ನು ಹಿಡಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ವಾದವನ್ನೂ ನಾನು ಒಪ್ಪುವುದಿಲ್ಲ. ಇದಕ್ಕೆ ಆಧಾರ ಹುಡುಕಲು ಕರ್ನಾಟಕದಾಚೆ ಹೋಗಬೇಕಾಗಿಲ್ಲ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶವನ್ನು ಸರ್ಕಾರ ಉಚಿತವಾಗಿ ಹಂಚಿತು. ಆಡಳಿತದಲ್ಲಿ ಕನ್ನಡ ಗಣಕಕ್ಕೆ ಬಂದದ್ದರಲ್ಲಿ ಅದರ ಪಾಲು ದೊಡ್ಡದು, ಆ ಕೆಲಸ ಮಾಡಿದವರಿಗೆ ನಾವು ಋಣಿಗಳು. ಆದರೆ ಆ ಕಾಲದ ನುಡಿ ಕಡತಗಳಲ್ಲಿ ಉಳಿದದ್ದು ಕನ್ನಡ ಅಕ್ಷರಗಳಲ್ಲ. ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟಿನ ಸಂಕೇತಗಳು ಮಾತ್ರ ಉಳಿದವು. ಅಂಥದೊಂದು ಹಳೆಯ ಸುತ್ತೋಲೆಯನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದು ನೋಡಿ. ‘ಕರ್ನಾಟಕ’ ಎಂಬ ಪದ ಇಂಗ್ಲಿಷಿನ ‘ಪಿ’ ಅಕ್ಷರದಿಂದ ಶುರುವಾಗಿ, ತಲೆಯ ಮೇಲೆ ಗೆರೆ ಹೊತ್ತ ‘ಎ’ಗಳ ನಡುವೆ, ಬ್ರಿಟಿಷ್ ಪೌಂಡಿನ ಚಿಹ್ನೆಯನ್ನೂ ಸೇರಿಸಿಕೊಂಡು ಕಾಣಿಸುತ್ತದೆ! ಅಂಥ ಕಡತಗಳಲ್ಲಿ ರೈತರೊಬ್ಬರ ಹೆಸರನ್ನು ಹುಡುಕಿದರೆ ಸಿಗದು, ಅಕಾರಾದಿಯಾಗಿ ಜೋಡಿಸಲು ಹೋದರೆ ಸಾಲು ತಪ್ಪುತ್ತದೆ. ಸರ್ಕಾರವೇ ಮುಂದೆ, ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿದ ಮೇಲೂ ಹಳೆಯ ಸಂಕೇತದ ಕಡತಗಳು ಕಚೇರಿಗಳಲ್ಲಿ ಬಹುಕಾಲ ಓಡಾಡಿದವು. ತಂತ್ರಾಂಶ ನಮ್ಮದೇ, ಭಾಷೆ ನಮ್ಮದೇ, ಹಣವೂ ನಮ್ಮದೇ ಆಗಿದ್ದರೂ ಜಗತ್ತು ಒಪ್ಪಿದ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಶಿಷ್ಟತೆಯನ್ನು ಪಾಲಿಸದ ಕಾರಣ ನಮ್ಮ ದಾಖಲೆಗಳೇ ನಮಗೆ ಎಟುಕದೆ ಹೋದವು.

ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಇ-ಮೇಲ್ ಈಗ ತಮಿಳುನಾಡು ಮೂಲದ ಜೋಹೋ ಕಂಪನಿಯ ವ್ಯವಸ್ಥೆಗೆ ಬಂದಿರುವುದನ್ನೂ ನಾನು ಇದೇ ಕಣ್ಣಿನಿಂದ ನೋಡುತ್ತೇನೆ. ಅದು ಸ್ವಾಗತಾರ್ಹ ಹೆಜ್ಜೆಯೇ ಸರಿ. ಆದರೂ ಮುಂದೊಂದು ದಿನ ಆ ಕಂಪನಿಯ ಬೆಲೆಯೋ ಒಡೆತನವೋ ಬದಲಾದರೆ ಸರ್ಕಾರ ತನ್ನ ಪತ್ರಗಳನ್ನೆಲ್ಲ ಗಂಟುಕಟ್ಟಿಕೊಂಡು ಇನ್ನೊಂದು ಕಡೆಗೆ ಹೊರಡಲು ಸಾಧ್ಯವೇ ಎಂಬ ಪ್ರಶ್ನೆಗೆ ಒಪ್ಪಂದದಲ್ಲೇ ಉತ್ತರ ಇರಬೇಕು.

ತನ್ನ ವ್ಯವಸ್ಥೆಯನ್ನು ತಾನೇ ಕಟ್ಟಿ ನಡೆಸುವ ಶಕ್ತಿ ನಮ್ಮ ರಾಜ್ಯಕ್ಕೆ ಇಲ್ಲ ಎಂದು ಯಾರೂ ಹೇಳಲಾರರು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ಕೈಬರಹದ ಪಹಣಿಯ ಕಾಲವನ್ನು ಮುಗಿಸಿದ ‘ಭೂಮಿ’ ಯೋಜನೆಯ ತಂತ್ರಾಂಶವನ್ನು ಬರೆದದ್ದು ಸರ್ಕಾರದ್ದೇ ಆದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ. ನೆರೆಯ ಕೇರಳದಲ್ಲಿ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೈಟ್ ಎಂಬ ಸರ್ಕಾರಿ ಸಂಸ್ಥೆ ಸಿದ್ಧಪಡಿಸಿದ, ಲಿನಕ್ಸ್ (ವಿಂಡೋಸ್ ಬದಲು ಬಳಸಬಹುದಾದ ಕಾರ್ಯಾಚರಣಾ ವ್ಯವಸ್ಥೆ) ಆಧಾರಿತ ಮುಕ್ತ ತಂತ್ರಾಂಶದಲ್ಲಿ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶದಲ್ಲಿ, ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಕಲಿಯುತ್ತಿದ್ದಾರೆ. ಅಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟೇ ಈ ಕೆಲಸ ಸಾಧಿಸಿದರು. ಜರ್ಮನಿಯ ಶ್ಲೆಸ್ವಿಗ್-ಹೋಲ್ಸ್ಟೈನ್ ರಾಜ್ಯ 2025ರ ಅಕ್ಟೋಬರ್ ವೇಳೆಗೆ ತನ್ನ 40,000ಕ್ಕೂ ಹೆಚ್ಚು ಇ-ಮೇಲ್ ಪೆಟ್ಟಿಗೆಗಳನ್ನು ಮೈಕ್ರೋಸಾಫ್ಟ್‌ನಿಂದ ಮುಕ್ತ ತಂತ್ರಾಂಶಕ್ಕೆ ವರ್ಗಾಯಿಸಿತು. ಅದೇ ದೇಶದ ಮ್ಯೂನಿಕ್ ನಗರಾಡಳಿತ ಹತ್ತು ವರ್ಷ ದುಡಿದು ಸುಮಾರು 15,000 ಗಣಕಗಳನ್ನು ಲಿನಕ್ಸ್‌ಗೆ ಬದಲಾಯಿಸಿ, ಕೊನೆಗೆ 2017ರಲ್ಲಿ ವಿಂಡೋಸ್‌ಗೆ ಮರಳುವ ತೀರ್ಮಾನ ಮಾಡಿದ್ದನ್ನೂ ಮುಚ್ಚಿಡಬಾರದು. ಅಧಿಕಾರ ಬದಲಾದಾಗಲೂ ನಿಲ್ಲುವಂಥ ನೀತಿ, ನಿತ್ಯದ ತೊಡಕುಗಳನ್ನು ಬಗೆಹರಿಸುವ ಸ್ವಂತ ಸಿಬ್ಬಂದಿ ಇವೆರಡೂ ಇಲ್ಲದಿದ್ದರೆ ಇಂಥ ಕೆಲಸಕ್ಕೆ ಕೈಹಾಕದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಹೀಗಾಗಿ ನಾಳೆಯೇ ಎಲ್ಲವನ್ನೂ ಕಿತ್ತೆಸೆಯಿರಿ ಎಂದು ಕೇಳುತ್ತಿಲ್ಲ. ಸರ್ಕಾರದ ಹಣದಲ್ಲಿ ಬರೆಸಿದ ತಂತ್ರಾಂಶದ ಸೋರ್ಸ್ ಕೋಡ್ (ಅದರ ಮೂಲ ಬರಹ) ಸರ್ಕಾರದ ವಶಕ್ಕೇ ಬರಬೇಕು, ಗುತ್ತಿಗೆ ಮುಗಿದಾಗ ದತ್ತಾಂಶವನ್ನೆಲ್ಲ ಮುಕ್ತ ನಮೂನೆಯಲ್ಲಿ ಹೆಚ್ಚುವರಿ ಶುಲ್ಕವಿಲ್ಲದೆ ಹಿಂದಿರುಗಿಸಬೇಕು, ಪಹಣಿ, ನೋಂದಣಿ, ಪಡಿತರ, ಖಜಾನೆಯಂಥ ಸೇವೆಗಳ ಒಂದು ನಕಲು ಪ್ರತಿ ನಮ್ಮ ರಾಜ್ಯದ ಸ್ವಂತ ದತ್ತಾಂಶ ಕೇಂದ್ರದಲ್ಲಿ ಸದಾ ಸಿದ್ಧವಿರಬೇಕು ಎಂಬ ಷರತ್ತುಗಳನ್ನು ಇನ್ನು ಮುಂದಿನ ಪ್ರತಿ ಟೆಂಡರಿನಲ್ಲೂ ಸೇರಿಸಲು ಆದೇಶ ಹೊರಡಿಸಿ. ಇದರಲ್ಲಿ ಹೊಸದೇನೂ ಇಲ್ಲ. ಮುಕ್ತ ಶಿಷ್ಟತೆಗಳ ಬಗ್ಗೆ 2010ರಲ್ಲಿ, ಮುಕ್ತ ತಂತ್ರಾಂಶದ ಬಗ್ಗೆ 2015ರಲ್ಲಿ ಕೇಂದ್ರ ಸರ್ಕಾರವೇ ನೀತಿಗಳನ್ನು ಪ್ರಕಟಿಸಿದೆ.

ತುರ್ತಾದ ವಿಷಯ ಇನ್ನೊಂದಿದೆ. ವಿಂಡೋಸ್ 10ಕ್ಕೆ ಉಚಿತ ಭದ್ರತಾ ಪರಿಷ್ಕರಣೆ 2025ರ ಅಕ್ಟೋಬರ್ 14ಕ್ಕೆ ನಿಂತಿತು; ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ಕ್ಕೆ ಬೇಕಾದ ಭದ್ರತಾ ಚಿಪ್ ಇಲ್ಲದವು. ಹಣ ತೆತ್ತು ಅವಧಿ ವಿಸ್ತರಿಸಿಕೊಳ್ಳುವುದೋ, ಯಂತ್ರಗಳನ್ನೇ ಗುಜರಿಗೆ ಹಾಕುವುದೋ ಎಂದು ಲೆಕ್ಕ ಹಾಕುವ ಮೊದಲು, ಅದೇ ಯಂತ್ರಗಳಲ್ಲಿ ಲಿನಕ್ಸ್ ನಡೆಸುವ ಸಾಧ್ಯತೆಯನ್ನು ಒಂದೆರಡು ಜಿಲ್ಲೆಗಳ ಶಾಲೆ ಮತ್ತು ಗ್ರಂಥಾಲಯಗಳಲ್ಲಿ ಪರೀಕ್ಷಿಸಿ ನೋಡಿ. ಅದಕ್ಕೂ ಮುನ್ನ, ರಾಜ್ಯದ ಕಚೇರಿ ಮತ್ತು ಶಾಲೆಗಳಲ್ಲಿ ಇಂಥ ಯಂತ್ರಗಳು ಎಷ್ಟಿವೆ, ಪ್ರತಿ ಇಲಾಖೆ ಪರವಾನಗಿ ಶುಲ್ಕವೆಂದು ವರ್ಷಕ್ಕೆ ಎಷ್ಟು ಕಟ್ಟುತ್ತಿದೆ, ಯಾವ ಸೇವೆ ಯಾವ ಕಂಪನಿಯ ಸರ್ವರಿನಲ್ಲಿ ನಡೆಯುತ್ತಿದೆ ಎಂಬ ವಿವರಗಳನ್ನು ಮುಂದಿನ ಅಧಿವೇಶನದಲ್ಲಿ ಸದನದ ಮುಂದೆ ಇಡಬೇಕೆಂದು ಕೋರುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ನಾಗರಿಕ