ಸರ ಒಳಗೆ ಸೇರಿಸಿಕೊಂಡೆ ಅಂದೆಯಲ್ಲ

ಚಿ. ಮೀರಾಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಬೇರೆಲ್ಲ ಆಮೇಲೆ. ಸೊರಾರಿಟಿಯವರನ್ನು, ಅದೇ ಕಾಲೇಜು ಹುಡುಗಿಯರ ಸಂಘದವರನ್ನು, ಮಾತಾಡಿಸಲು ಹೋಗುವಾಗ ಅಪ್ಪನ ಅಮ್ಮ ಕೊಟ್ಟ, ಯೆಹೂದಿಯರ ಗುರುತಾದ ದಾವೀದನ ನಕ್ಷತ್ರದ ಸರವನ್ನು ಅಂಗಿಯೊಳಗೆ ಸೇರಿಸಿಕೊಂಡೆ ಅಂತ ಬರೆದಿದ್ದೀಯಲ್ಲ, ಆ ಒಂದು ಸಾಲು ನನಗೆ ನಿದ್ದೆಗೊಡಲಿಲ್ಲ. ಯಾರೂ ಏನೂ ಅನ್ನಲಿಲ್ಲ, ಕೈ ತಾನಾಗಿ ಹೋಯಿತು ಅಂದೆ. ಯಾರೂ ಅನ್ನದೆಯೇ ಹೋಯಿತಲ್ಲ, ಅದೇ ನನಗೆ ಸಂಕಟ.

ಈ ಭಯ ನಿನ್ನೊಬ್ಬಳದಲ್ಲ. ಬೇರೆ ಸೊರಾರಿಟಿಗಳು ಯೆಹೂದಿಯರನ್ನು ಹತ್ತಿರ ಸೇರಿಸದಿದ್ದ ಕಾಲದಲ್ಲಿ, 1909ರಲ್ಲಿ, ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಏಳು ಯೆಹೂದಿ ಹುಡುಗಿಯರು ಆಲ್ಫಾ ಎಪ್ಸಿಲಾನ್ ಫೈ ಅನ್ನುವ ತಮ್ಮದೇ ಸೊರಾರಿಟಿ ಕಟ್ಟಿಕೊಂಡರು. 1913ರಲ್ಲಿ ಹಂಟರ್ ಕಾಲೇಜಿನ ಹತ್ತು ಮಂದಿ ಫೈ ಸಿಗ್ಮಾ ಸಿಗ್ಮಾ ಶುರುಮಾಡಿ, ಯಾವ ಧರ್ಮದವಳಾದರೂ ಬರಲಿ ಅಂದರು. ಉಳಿದವರ ನಿಯಮದಲ್ಲಿದ್ದ ನಿರ್ಬಂಧಗಳು ಹೋಗಲು ಎರಡನೇ ಮಹಾಯುದ್ಧ ಮುಗಿದು ಎಷ್ಟೋ ವರ್ಷ ಬೇಕಾಯಿತು. ನಿಯಮ ಹೋದರೂ ಕೈ ಸರದ ಕಡೆ ಹೋಗುವುದು ನಿಂತಿಲ್ಲವಲ್ಲ ಮಗಳೇ.

ಅಮ್ಮ ಯೆಹೂದಿಯಲ್ಲ, ಅದನ್ನು ಹಾಕಿಕೊಳ್ಳುವ ಹಕ್ಕಾದರೂ ನನಗಿದೆಯಾ ಅಂತ ಬೇರೆ ಕೇಳಿದ್ದೀಯ. ಸಂಪ್ರದಾಯಸ್ಥರು ತಾಯಿಯ ಕಡೆಯಿಂದಲೇ ಎಣಿಸುತ್ತಾರೆ, ನಿಜ. ಆದರೆ ತಂದೆ ಯೆಹೂದಿಯಾಗಿದ್ದು ಮಗು ಆ ಆಚರಣೆಯಲ್ಲೇ ಬೆಳೆದರೆ ಯೆಹೂದಿಯೇ ಅಂತ ಅಮೆರಿಕದ ರಿಫಾರ್ಮ್ ಪಂಥದ ರಬ್ಬಿಗಳು, ಅಂದರೆ ಧರ್ಮಗುರುಗಳು, 1983ರಲ್ಲೇ ಒಪ್ಪಿದ್ದಾರೆ. ಹುಡುಗಿ ಧರ್ಮದ ಹೊಣೆ ಹೊರುವ ವಯಸ್ಸಿಗೆ ಬಂದಾಗ ಮಾಡುವ ಬಾತ್ ಮಿತ್ಸ್ವಾದಲ್ಲಿ ನೀನು ಧರ್ಮಗ್ರಂಥ ತೋರಾ ಓದಿದ್ದನ್ನು ಕಣ್ಣಾರೆ ಕಂಡವಳು ನಾನು. ನನ್ನ ಹತ್ತಿರ ಹಕ್ಕಿನ ಮಾತಾಡಬೇಡ.

ನಾನು ಓಹಾಯೋಗೆ ಬಂದ ಹೊಸತರಲ್ಲಿ ಗೌರಿ ಹಬ್ಬದ ದಿನವೂ ಲ್ಯಾಬಿಗೆ ಹೋಗುತ್ತಿದ್ದೆ. ಪೂಜೆ, ಬಾಗಿನ ಎಲ್ಲ ಶನಿವಾರಕ್ಕೆ. ರಜೆ ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನುವ ಅಳುಕು. ಅಲ್ಲೂ ಯಾರೂ ಬೇಡ ಅಂದಿರಲಿಲ್ಲ. ಹಬ್ಬಕ್ಕೆ ಅದರದೇ ಒಂದು ದಿನ ಇದೆ ಅನ್ನುವುದು ನನ್ನ ಮಕ್ಕಳಿಗೆ ತಿಳಿಯದೆಯೇ ಹೋಯಿತು. ಈ ವಯಸ್ಸಿನಲ್ಲೂ ಆ ಕೊರಗು ಹೋಗಿಲ್ಲ.

ಅದಕ್ಕೇ ಹೇಳುತ್ತೇನೆ, ಸೊರಾರಿಟಿಯ ಆಯ್ಕೆಯ ಸುತ್ತು ನಿಮ್ಮ ಪ್ರಾಯಶ್ಚಿತ್ತದ ಉಪವಾಸವಾದ ಯೋಮ್ ಕಿಪ್ಪುರ್ ದಿನವೇ ಬಿದ್ದಿದ್ದರೆ, ಸೊರಾರಿಟಿಗಳ ಆಯ್ಕೆ ನೋಡಿಕೊಳ್ಳುವ ಪ್ಯಾನ್‌ಹೆಲೆನಿಕ್ ಆಫೀಸಿಗೆ ಈಗಲೇ ಮೇಲ್ ಹಾಕು. ಉಪವಾಸ ಹಿಂದಿನ ಸಂಜೆಯೇ ಶುರುವಾಗುತ್ತದೆ ಅನ್ನುವುದನ್ನೂ ಬರೆ, ಅವರಿಗೆ ಗೊತ್ತಿರಲಿಕ್ಕಿಲ್ಲ. ನಿಮ್ಮ ಕ್ಯಾಂಪಸ್ಸಿನ ಯೆಹೂದಿ ವಿದ್ಯಾರ್ಥಿಗಳ ಸಂಸ್ಥೆ ಹಿಲೆಲ್‌ನವರನ್ನು ಕೇಳಬಹುದೇನೋ. ಈ ವ್ಯವಹಾರ ನನಗಷ್ಟು ತಿಳಿಯದು, ಅಧಿಕಪ್ರಸಂಗ ಅನ್ನಿಸಿದರೆ ಬಿಟ್ಟುಬಿಡು. ಸರ ಹೊರಗೇ ಇರಲಿ ಅಂತಲೂ ಒತ್ತಾಯ ಮಾಡಲಾರೆ. ಇಸ್ರೇಲ್-ಗಾಜಾ ಯುದ್ಧ ಶುರುವಾದ 2023ರ ಅಕ್ಟೋಬರ್‌ನಿಂದೀಚೆಗೆ ಕಾಲೇಜುಗಳಿಂದ ಬರುವ ಸುದ್ದಿ ಓದಿ ನನಗೂ ದಿಗಿಲು. ಒಳಗಿಟ್ಟುಕೊಂಡರೆ ನಿನ್ನ ಇಷ್ಟದಿಂದ ಇಟ್ಟುಕೋ, ಅವರ ಮುಖ ನೋಡಿ ಬೇಡ.

ಮೇಲ್ ಬರೆಯುವುದು ಕಷ್ಟವಾದರೆ ಭಾನುವಾರ ಫೋನ್ ಮಾಡು, ಇಬ್ಬರೂ ಕೂತು ಬರೆಯೋಣ.

ಇಂತಿ,
ನಿನ್ನ ದೊಡ್ಡಮ್ಮ